ಸೂಜಿಯೂ ಮೊಣಕಾಲೂ

ಇಂಡಿಯ ನಿಂಬೆ ತೋಟಗಳಲ್ಲಿ ಆಯುಷ್ಯವೆಲ್ಲ ಹಣ್ಣು ಆಯ್ದ ಅಜ್ಜಿಯೊಬ್ಬರು ಈಗ ಪೂಜೆಯಲ್ಲಿ ಪಕ್ಕದವರ ಹೆಗಲು ಹಿಡಿದು ಮೊಣಕಾಲೂರುತ್ತಾರೆ. ನೋವಿನ ಮಾತ್ರೆ ಅವರ ಹೊಟ್ಟೆಗೆ ಒಗ್ಗದು. "ಫಾದರ್, ಸೂಜಿ ಚುಚ್ಚಿಸಿಕೊಂಡ್ರ ಬ್ಯಾನಿ ಹೋಗ್ತದಂತ, ಹೋಗಲೇನ್ರಿ?" ಎಂದು ಕೇಳಿದರು.

ಈ ಚೀನೀ ಚಿಕಿತ್ಸೆ, ಅಂದರೆ ಅಕ್ಯುಪಂಕ್ಚರ್, ನಮಗೆ ತೀರ ಪರಕೀಯವಲ್ಲ. 1938ರಲ್ಲಿ ಚೀನಾಕ್ಕೆ ಹೋದ ಭಾರತೀಯ ವೈದ್ಯರ ತಂಡದಲ್ಲಿ ನೆರೆಯ ಸೊಲ್ಲಾಪುರದ ಡಾ. ಕೋಟ್ನಿಸರಿದ್ದರು, ಅವರ ಸಂಗಡಿಗ ಡಾ. ಬಿ. ಕೆ. ಬಸು ಅವರೇ 1959ರಲ್ಲಿ ಅದನ್ನು ಕಲ್ಕತ್ತೆಗೆ ತಂದವರು.

ಫಲ? 2004ರಲ್ಲಿ ಅಮೆರಿಕದ 570 ರೋಗಿಗಳ ಅಧ್ಯಯನವು ಮೊಣಕಾಲು ಸವೆತದ ನೋವು ತುಸು ಇಳಿಯಿತೆಂದಿತು. 2014ರಲ್ಲಿ ಆಸ್ಟ್ರೇಲಿಯದಲ್ಲಿ 50 ದಾಟಿದ 282 ಮಂದಿಯನ್ನು ಪರೀಕ್ಷಿಸಿದಾಗ, ನಿಜವಾದ ಚಿಕಿತ್ಸೆ ತೋರಿಕೆಯ ಚಿಕಿತ್ಸೆಗಿಂತ ಮೇಲೆಂದು ಕಾಣಲಿಲ್ಲ. ಸವೆದ ಕೀಲನ್ನು ಸೂಜಿ ಮರಳಿ ಬೆಳೆಸದು. ಆದರೂ ಯಾರೋ ಒಬ್ಬರು ಅರ್ಧ ಗಂಟೆ ಆ ಕಾಲಿನ ಬಳಿ ಕುಳಿತು ನೋವನ್ನು ವಿಚಾರಿಸುವುದು ಅಲ್ಪವೇ? ನಮ್ಮ ಮನೆಗಳಲ್ಲಿ ಅಷ್ಟು ಹೊತ್ತು ಕೇಳುವವರು ಯಾರು?

"ಹೋಗಿ ಬರ್ರಿ ಅಮ್ಮಾ. ಕಲಿತವರ ಕಡೆ ಹೋಗ್ರಿ, ಹೊಸ ಸೂಜಿ ಬಿಚ್ಚಿದ್ದನ್ನ ನೋಡ್ರಿ. ಡಾಕ್ಟರು ಹೇಳಿದ ತೊಡೆಯ ವ್ಯಾಯಾಮ ಮಾತ್ರ ಬಿಡಬ್ಯಾಡ್ರಿ" ಎಂದೆ. ಪೂಜೆಯಲ್ಲಿ ಕುಳಿತೇ ಇರಿ ಎಂದೂ ಹೇಳಿದೆ; ಅದೊಂದಕ್ಕೆ ಅವರು ಒಪ್ಪಲಿಲ್ಲ.