ಹೆಸರು ಬರುವ ಮೊದಲೇ

ಹಾಡು ಶುರುವಾಗಿ, ಪರದೆಯ ಕೆಳಗೆ ಬಿಳಿ ಅಕ್ಷರದಲ್ಲಿ ಹೆಸರು ಬಂದ ಮೇಲೆ ಸಂಗೀತ ನಿರ್ದೇಶಕರು ಯಾರೆಂದು ಹೇಳುವುದರಲ್ಲಿ ಏನೂ ಹೆಚ್ಚುಗಾರಿಕೆಯಿಲ್ಲ. ಅದನ್ನು ಓದು ಬಲ್ಲವರು ಯಾರು ಬೇಕಾದರೂ ಹೇಳುತ್ತಾರೆ. ಪಿಟೀಲುಗಳೆಲ್ಲ ಒಟ್ಟಿಗೆ ಮೇಲೇರಿ, ಕೊಳಲು ಇನ್ನೇನು ಬಾಯಿ ಬಿಡಬೇಕು ಎನ್ನುವಷ್ಟರಲ್ಲಿ, ಪಲ್ಲವಿಗೂ ಮುಂಚೆ, "ರಾಜನ್-ನಾಗೇಂದ್ರ!" ಎಂದು ಕೂಗಿಬಿಡಬೇಕು. ಎಂಬತ್ತರ ದಶಕದ ಕೊನೆಯಲ್ಲಿ, ತುಮಕೂರು ಕಡೆಯ ನಮ್ಮೂರಿನಲ್ಲಿ, ಬೆಂಗಳೂರು ದೂರದರ್ಶನದ ‘ಚಿತ್ರಮಂಜರಿ’ ನೋಡುವುದೆಂದರೆ ನನಗೂ ನಮ್ಮಕ್ಕನಿಗೂ ಈ ಆಟವೇ. ಹಾಡಿನಲ್ಲಿ ಯಾರು ಕುಣಿದರು, ಯಾವ ಸೀರೆ ಉಟ್ಟಿದ್ದರು ಎನ್ನುವುದೆಲ್ಲ ಉಳಿದವರ ವಿಷಯ.

ಮಾಳಿಗೆ ಹತ್ತಿ ಆಂಟೆನಾ ತಿರುಗಿಸಿದ ಕತೆಯನ್ನು ನನ್ನ ವಯಸ್ಸಿನವರೆಲ್ಲ ಈಗಾಗಲೇ ಬರೆದು ಮುಗಿಸಿದ್ದಾರೆ. ಪಕ್ಕದ ಮನೆಯವರು ಬಾಗಿಲು ಹಾಕಿಕೊಂಡ ಕತೆಯೂ ಆಗಿದೆ. ಅವೆರಡನ್ನೂ ಬಿಡುತ್ತೇನೆ.

ಟಿ.ವಿ. ನಮ್ಮ ರಾಜ್ಯಕ್ಕೆ ಬಂದದ್ದೇನೂ ಹಾಡಿಗಾಗಿ ಅಲ್ಲ. 1975-76ರಲ್ಲಿ ಉಪಗ್ರಹದ ಪ್ರಯೋಗವೆಂದು ಮೊದಲು ಪೆಟ್ಟಿಗೆ ಇಳಿದದ್ದು ಗುಲ್ಬರ್ಗ, ರಾಯಚೂರು, ಬಿಜಾಪುರದ ಹಳ್ಳಿಗಳಲ್ಲಿ. ಉದ್ದೇಶ ಬೇಸಾಯ, ಆರೋಗ್ಯ, ಮಕ್ಕಳ ಓದು. ಬೆಂಗಳೂರಿಗೆ ಅದು ಬಂದದ್ದು 1981ರಲ್ಲಿ. ಹೀಗಾಗಿ ಗೊಬ್ಬರ, ಕೀಟನಾಶಕ, ಹುಳುಬಾಧೆಗಳನ್ನೆಲ್ಲ ದಾಟಿದ ಮೇಲೆಯೇ ನಮಗೆ ಹಾಡು. ಅದೂ ವಾರಕ್ಕೊಮ್ಮೆ, ಅರ್ಧ ಗಂಟೆ, ಆರು ಹಾಡಾದರೆ ದೊಡ್ಡದು. ಬುಧವಾರದ ಚಿತ್ರಹಾರ ಇತ್ತು, ನಿಜ. ಆದರೆ ಅದರಲ್ಲಿ ದಕ್ಷಿಣದ ಹಾಡು ಬಂದರೆ ಅದು ಹಬ್ಬದ ದಿನ ಬೀಗರು ಬಂದ ಹಾಗೆ, ಬಂದಷ್ಟೇ ಬೇಗ ಎದ್ದು ಹೋಗುತ್ತಿತ್ತು.

ಮುಂದಿನ ಹಾಡು ಯಾವುದೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ನಮ್ಮ ಆಟ ನಿಂತಿದ್ದೇ ಅದರ ಮೇಲೆ. ಬೇಕಾದ ಹಾಡನ್ನು ಬೇಕೆಂದಾಗ ಹಾಕಿಕೊಳ್ಳುವವನಿಗೆ ಊಹಿಸುವುದಕ್ಕೆ ಏನು ಉಳಿದಿರುತ್ತದೆ?

ಕಿವಿ ಪಳಗಿದ ಮೇಲೆ ಒಬ್ಬೊಬ್ಬರದೂ ಒಂದೊಂದು ಹೆಜ್ಜೆ ಸದ್ದು ಗುರುತಾಗುತ್ತಿತ್ತು. ವೀಣೆ ಮುಂದೆ ಬಂದು, ಹಿಂದೆ ಏನೋ ದುಃಖ ಕಾದು ಕೂತಿದೆ ಅನ್ನಿಸಿದರೆ ಅಕ್ಕ "ವಿಜಯಭಾಸ್ಕರ್" ಅನ್ನುತ್ತಿದ್ದಳು. ‘ಗೆಜ್ಜೆಪೂಜೆ’, ‘ಶರಪಂಜರ’, ‘ನಾಗರಹಾವು’ ಎಲ್ಲದಕ್ಕೂ ಅವರದೇ ಸಂಗೀತ. ಪುಟ್ಟಣ್ಣ ಕಣಗಾಲರ ಚಿತ್ರವೆಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಆದರೆ ಅಲ್ಲೇ ಒಂದು ಗುಂಡಿಯೂ ಇತ್ತು: ‘ಎರಡು ಕನಸು’ ಪುಟ್ಟಣ್ಣನವರದಲ್ಲ, ದೊರೆ-ಭಗವಾನ್ ಜೋಡಿಯದು, ಸಂಗೀತ ರಾಜನ್-ನಾಗೇಂದ್ರ. ಕಲ್ಪನಾ ಕಂಡ ಕೂಡಲೇ ಪುಟ್ಟಣ್ಣ, ಪುಟ್ಟಣ್ಣ ಅಂದಕೂಡಲೇ ವಿಜಯಭಾಸ್ಕರ್ ಎಂದು ಓಡುವವರು ಅಲ್ಲಿ ಬೀಳುತ್ತಿದ್ದರು. ತುತ್ತೂರಿಗಳು ಗತ್ತಿನಿಂದ ನುಗ್ಗಿದರೆ ಜಿ.ಕೆ. ವೆಂಕಟೇಶ್. ‘ಜೇಡರ ಬಲೆ’ಯ ಪತ್ತೇದಾರಿ ಠೀವಿಯೂ ಅವರದೇ, ‘ಬಂಗಾರದ ಮನುಷ್ಯ’ದ ಹೊಲಗದ್ದೆಯೂ ಅವರದೇ, ಅವರನ್ನು ಹಿಡಿಯುವುದು ಸುಲಭವಿರಲಿಲ್ಲ. ಸಾಲದ್ದಕ್ಕೆ ಇಳಯರಾಜ ಅವರ ಬಳಿ ಸಹಾಯಕರಾಗಿ ದುಡಿದವರು. ‘ಜನ್ಮ ಜನ್ಮದ ಅನುಬಂಧ’ದ್ದೋ ‘ಗೀತಾ’ದ್ದೋ ಹಾಡು ಬಂದಾಗ ಗುರುವೋ ಶಿಷ್ಯನೋ ಎಂದು ಒಂದು ಗಳಿಗೆ ತಡೆದು, ಕೆಳಗಡೆ ಬೇಸ್ ಗಿಟಾರ್ ತನ್ನದೇ ಬೇರೊಂದು ರಾಗ ಹೇಳುತ್ತಿದೆಯೋ ಎಂದು ಕೇಳಿಸಿಕೊಂಡು ಆಮೇಲೆ ಬಾಯಿ ತೆರೆಯಬೇಕಿತ್ತು.

1987ರಲ್ಲಿ ‘ಪ್ರೇಮಲೋಕ’ ಬಂತು. ಅಲ್ಲಿಂದಾಚೆಗೆ ಆಟದ ರುಚಿ ಸ್ವಲ್ಪ ಕೆಟ್ಟಿತು ಎಂದೇ ನನ್ನ ದೂರು. ಹಂಸಲೇಖರ ಹಾಡುಗಳ ಮೇಲೆ ನನಗೆ ಮುನಿಸಿಲ್ಲ, ಇವತ್ತಿಗೂ ಬಾಯಿಪಾಠ. ಆದರೆ ಸಾಹಿತ್ಯವೂ ಅವರದೇ, ಸಂಗೀತವೂ ಅವರದೇ, ಬರುವ ಹಾಡುಗಳಲ್ಲಿ ಅರ್ಧಕ್ಕರ್ಧವೂ ಅವರದೇ ಆದಾಗ ಕಣ್ಣು ಮುಚ್ಚಿಕೊಂಡು "ಹಂಸಲೇಖ" ಅಂದರೂ ಗೆಲ್ಲಬಹುದಿತ್ತು.

ಆಟಕ್ಕೆ ಸೇರದವರು ನಮ್ಮ ಅಜ್ಜಿ. ಅವರಿಗೆ ಹಿನ್ನೆಲೆ ಗಾಯನ ಎನ್ನುವುದೇ ಒಪ್ಪಿಗೆಯಿರಲಿಲ್ಲ. ‘ಕಸ್ತೂರಿ ನಿವಾಸ’ದ ಹಾಡು ನಡೆಯುವಾಗ "ಅಜ್ಜಿ, ಇದು ಹಾಡ್ತಿರೋದು ಪಿ.ಬಿ. ಶ್ರೀನಿವಾಸ್" ಅಂದರೆ, "ಕಣ್ಣು ಕಾಣಲ್ವೇನೋ ನಿಂಗೆ? ಬಾಯಿ ಆಡ್ತಿರೋದು ರಾಜ್‌ಕುಮಾರಂದು. ಇನ್ಯಾರೋ ಹೆಂಗೆ ಹಾಡ್ತಾರೆ?" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು. ‘ಸಂಪತ್ತಿಗೆ ಸವಾಲ್’ ಹಾಡು ಬಂದ ದಿನ ನಾನೇ ಹೇಳಬೇಕಾಯಿತು: ಹೌದಜ್ಜಿ, ಇದು ಮಾತ್ರ ಅವರದೇ ದನಿ. 1974ರ ಆ ಚಿತ್ರದಿಂದ ರಾಜ್‌ಕುಮಾರ್ ತಮ್ಮ ಹಾಡನ್ನು ತಾವೇ ಹಾಡತೊಡಗಿದರಲ್ಲ. ಅಜ್ಜಿ ಗೆದ್ದವರಂತೆ ಬೀಗಲಿಲ್ಲ. "ಅದನ್ನೇ ತಾನೆ ನಾನು ಮೊದಲಿಂದ್ಲೂ ಹೇಳ್ತಿರೋದು" ಎಂದು ಎಲೆಗೆ ಸುಣ್ಣ ಸವರಿಕೊಂಡರು.

ಮನೆಗೆ ಟೇಪ್ ರೆಕಾರ್ಡರ್ ಬಂದ ಮೇಲೆ ಆಟಕ್ಕೆ ಇನ್ನೊಂದು ಕಸುಬು ಕೂಡಿಕೊಂಡಿತು. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಮಗ್ಗುಲಿಗೆ ಮೂವತ್ತು ನಿಮಿಷ. ಕಾರ್ಯಕ್ರಮವೂ ಅರ್ಧ ಗಂಟೆಯದು. ಇಬ್ಬರೂ ಮಾತಾಡಿಕೊಂಡೇ ಅಳತೆ ಇಟ್ಟಂತಿತ್ತು. ಟಿ.ವಿ.ಯ ಸ್ಪೀಕರಿನ ಎದುರು ಸ್ಟೂಲು, ಸ್ಟೂಲಿನ ಮೇಲೆ ಮಡಿಸಿದ ಟವೆಲ್ಲು, ಟವೆಲ್ಲಿನ ಮೇಲೆ ಟೇಪ್ ರೆಕಾರ್ಡರ್. ಟವೆಲ್ಲು ಇಲ್ಲದಿದ್ದರೆ ಮೋಟಾರಿನ ಗುರ್ ಎನ್ನುವ ಸದ್ದು ಸ್ಟೂಲಿಗೆ ಹತ್ತಿ, ಮೈಕಿಗೂ ಬರುತ್ತಿತ್ತು. ಕೆಂಪು ಗುಂಡಿಯನ್ನೂ ಪ್ಲೇ ಗುಂಡಿಯನ್ನೂ ಜೊತೆಗೇ ಒತ್ತಬೇಕು. ಒಂದು ಮುಂದಾದರೂ ಕ್ಯಾಸೆಟ್ ಸುಮ್ಮನೆ ಓಡುತ್ತಿತ್ತೇ ಹೊರತು ಹಾಡು ಹಿಡಿಯುತ್ತಿರಲಿಲ್ಲ. ಒತ್ತಿದ ಮೇಲೆ ಮನೆಯಲ್ಲಿ ಯಾರೂ ಉಸಿರೆತ್ತುವಂತಿಲ್ಲ ಎಂದು ನನ್ನ ಕಟ್ಟಪ್ಪಣೆ. ಅಡುಗೆಮನೆಗೆ ಆ ಅಪ್ಪಣೆ ತಲುಪುತ್ತಿರಲಿಲ್ಲ. ಉಳಿದಿರುವ ಒಂದು ಕ್ಯಾಸೆಟ್ಟಿನಲ್ಲಿ ವಾಣಿ ಜಯರಾಂ ಚರಣದಲ್ಲಿ ಮೇಲಿನ ಸ್ವರಕ್ಕೆ ಹೋಗುವ ಹೊತ್ತಿಗೆ ಸರಿಯಾಗಿ ಕುಕ್ಕರು ಕೂಗುತ್ತದೆ, ಅದೂ ಹೆಚ್ಚುಕಡಿಮೆ ಶ್ರುತಿಯಲ್ಲೇ. ಅದೇ ಹಾಡನ್ನು ಈಗ ಶುದ್ಧವಾಗಿ ಕೇಳಿದರೆ ಅಲ್ಲಿ ಏನೋ ಒಂದು ವಾದ್ಯ ಬಿಟ್ಟುಹೋಗಿದೆ ಅನ್ನಿಸುತ್ತದೆ.

ಸಿನಿಮಾ ಹಾಡಿಗಿಂತ ಬೇರೆಯದೇ ಒಂದು ಲೋಕ ಸ್ಟುಡಿಯೋದ ಸುಗಮ ಸಂಗೀತದ್ದು. ಹಿಂದೆ ಒಂದು ಪರದೆ, ಎರಡು ಕುಂಡ, ಜಮಖಾನದ ಮೇಲೆ ಹಾರ್ಮೋನಿಯಂ, ತಬಲಾ, ಗಾಯಕಿಯ ಕೈಯಲ್ಲೊಂದು ಹಾಳೆ. ಕವಿತೆಯಲ್ಲಿ ಹೂವು ಬಂದರೆ ಕ್ಯಾಮೆರಾ ಕುಂಡದ ಕಡೆ ಹೊರಳುತ್ತಿತ್ತು. ಚಂದ್ರ ಬಂದರೆ ಪಾಪ, ಎಲ್ಲಿಗೆ ಹೊರಳಬೇಕೆಂದು ಗೊತ್ತಾಗದೆ ತಬಲಾದವರನ್ನು ತೋರಿಸುತ್ತಿತ್ತು. ನಗುತ್ತಲೇ ನೋಡಿದೆವು. ಆದರೆ ಬೇಂದ್ರೆ, ಕುವೆಂಪು, ಕೆ.ಎಸ್. ನರಸಿಂಹಸ್ವಾಮಿ ನನಗೆ ಮೊದಲು ಸಿಕ್ಕಿದ್ದು ಪಠ್ಯಪುಸ್ತಕದಲ್ಲಲ್ಲ, ಆ ಜಮಖಾನದ ಮೇಲೆ. ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್, ಶಿವಮೊಗ್ಗ ಸುಬ್ಬಣ್ಣ ಎಂಬ ಹೆಸರುಗಳನ್ನು ನಮ್ಮ ಆಟಕ್ಕೆ ಸೇರಿಸಿಕೊಳ್ಳಲು ಅಕ್ಕ ಮಾತ್ರ ಒಪ್ಪಲಿಲ್ಲ. "ಎದುರಿಗೇ ಕೂತಿರ್ತಾರಲ್ಲೋ, ಅದ್ರಲ್ಲಿ ಏನು ಊಹೆ ಮಾಡ್ತೀಯ?"

ಖಾಸಗಿ ಚಾನೆಲ್ಲುಗಳು ಬಂದ ಮೇಲೆ ಹಾಡಿಗೆ ಬರವಿಲ್ಲದಾಯಿತು, ಹೆಸರಿಗೆ ಬರ ಬಂತು. ದಿನವಿಡೀ ಹಾಡು ಹಾಕುವವರಿಗೆ ಬರೆದವರು ಯಾರು, ಹಾಡಿದವರು ಯಾರು ಎಂದು ತೋರಿಸುವ ತಾಳ್ಮೆ ಎಲ್ಲಿಂದ ಬರಬೇಕು? ನನ್ನ ಲೆಕ್ಕದಲ್ಲಿ ಆ ಬಿಳಿ ಅಕ್ಷರಗಳ ಮರ್ಯಾದೆಯನ್ನು ಮತ್ತೆ ಎತ್ತಿಹಿಡಿದದ್ದು ಈ ಟಿ.ವಿ.ಯ ‘ಎದೆ ತುಂಬಿ ಹಾಡುವೆನು’. ಮಕ್ಕಳು ಹಾಡಿದ ಮೇಲೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅಂಕಕ್ಕಿಂತ ಹೆಚ್ಚಾಗಿ ಕತೆ ಕೊಡುತ್ತಿದ್ದರು. ಈ ಹಾಡು ಬರೆದವರು ಯಾರು, ರಾಗ ಕೂಡಿಸಿದವರು ಯಾರು, ಅವರು ಎಂಥ ಮನುಷ್ಯ. 1967ರಲ್ಲಿ ಎಂ. ರಂಗರಾವ್ ಸಂಗೀತದ ‘ನಕ್ಕರೆ ಅದೇ ಸ್ವರ್ಗ’ಕ್ಕೆ ಹಾಡಿ ಕನ್ನಡಕ್ಕೆ ಬಂದವರು, ‘ಗಾನಯೋಗಿ ಪಂಚಾಕ್ಷರಿ ಗವಾಯಿ’ಗೆ ರಾಷ್ಟ್ರಪ್ರಶಸ್ತಿ ಪಡೆದವರು, ಆದರೂ ತಮ್ಮ ಹೆಸರಿಗಿಂತ ಮೊದಲು ಬೇರೆಯವರ ಹೆಸರು ಹೇಳುತ್ತಿದ್ದರು. ಮಗು ಸ್ವರ ತಪ್ಪಿದರೆ ತಪ್ಪಿದೆ ಎಂದೇ ಹೇಳುತ್ತಿದ್ದರು, ಅಲ್ಲೇ ತಾವು ಹಾಡಿ ತೋರಿಸುತ್ತಿದ್ದರು. ಈಗಿನ ರಿಯಾಲಿಟಿ ಷೋಗಳ ತೀರ್ಪುಗಾರರು ಎದ್ದು ನಿಂತು ಕಣ್ಣೊರೆಸಿಕೊಳ್ಳುವಾಗ ನನಗೆ ಅವರ ಆ ನೇರ ಮಾತು ಬೇಕೆನಿಸುತ್ತದೆ.

2020ರ ಸೆಪ್ಟೆಂಬರ್ 25ರಂದು ಅವರು ಹೋದರು. ಅಕ್ಟೋಬರಿನಲ್ಲಿ ರಾಜನ್ ಹೋದರು. ತಮ್ಮ ನಾಗೇಂದ್ರ ತೀರಿಕೊಂಡು ಆಗಲೇ ಇಪ್ಪತ್ತು ವರ್ಷವಾಗುತ್ತ ಬಂದಿತ್ತು. ಆ ದಿನಗಳಲ್ಲಿ ಅಕ್ಕ ಶಿವಮೊಗ್ಗದಿಂದ ಫೋನು ಮಾಡಿದಾಗಲೆಲ್ಲ ಮಾತು ಹಾಡಿಗೇ ಹೋಗಿ ನಿಲ್ಲುತ್ತಿತ್ತು. ಹಾಗೆ ಒಂದು ದಿನ ಅವಳು ಫೋನನ್ನು ಏನಕ್ಕೋ ಒಡ್ಡಿ ಹಿಡಿದು, ಹಾಡಿನ ಮೊದಲ ನಾಲ್ಕು ಸೆಕೆಂಡು ಕೇಳಿಸಿ ನಿಲ್ಲಿಸಿದಳು. "ಹೇಳು ನೋಡೋಣ?"

ಆಟ ಹೀಗೆ ಮತ್ತೆ ಶುರುವಾಗಿದೆ. ಈಗ ವಾಟ್ಸ್ಯಾಪಿನಲ್ಲಿ ಧ್ವನಿ ಸಂದೇಶ, ಪಿಟೀಲಿನಷ್ಟೇ ಇರುತ್ತದೆ, ದನಿ ಬರುವ ಮೊದಲೇ ಕತ್ತರಿಸಿರುತ್ತಾಳೆ. ಹಾಡು ಹುಡುಕಿಕೊಡುವ ಆ್ಯಪ್ ಬಳಸಕೂಡದೆಂದು ಆಣೆಯಾಗಿದೆ. ಸೋದರಳಿಯನೊಬ್ಬ ಗುಂಪಿಗೆ ಸೇರಿ, ಯಾವುದೇ ಹಾಡು ಹಾಕಿದರೂ ಕ್ಷಣದಲ್ಲಿ ಸರಿಯುತ್ತರ ಕೊಡುತ್ತಿದ್ದಾನೆ. ಅಷ್ಟು ಬೇಗ ಟಿ.ಜಿ. ಲಿಂಗಪ್ಪನವರನ್ನು ಗುರುತಿಸುವ ವಯಸ್ಸೇ ಅಲ್ಲ ಅವನದು. ಅವನ ಮೇಲೆ ಅಕ್ಕನಿಗೆ ಅನುಮಾನ. ನನಗೂ.