ಗಣಕದೊಡನೆ ಚದುರಂಗ

ಚದುರಂಗಕ್ಕೆ ಎದುರಾಳಿ ಬೇಕು. ಅವನಿಗೆ ಬಿಡುವಿರಬೇಕು, ಸೋತರೂ ಮರುದಿನ ಬಂದು ಕೂಡುವಷ್ಟು ದೊಡ್ಡ ಮನಸ್ಸಿರಬೇಕು. ಇವೆಲ್ಲ ಕೂಡಿದ ಮನುಷ್ಯನು ರಾಮದುರ್ಗ ತಾಲೂಕಿನ ನಮ್ಮ ಸಾಲಹಳ್ಳಿಯಂತಹ ಊರಿನಲ್ಲಿ, ಸುಗ್ಗಿಯ ದಿನಗಳಲ್ಲಂತೂ, ದೊರೆಯುವುದು ದುರ್ಲಭ. ಆದುದರಿಂದ ನಿವೃತ್ತನಾದ ಮೇಲೆ ನಾನು ಮನೆಯ ಗಣಕಯಂತ್ರವನ್ನೇ ಎದುರಾಳಿಯನ್ನಾಗಿ ಮಾಡಿಕೊಂಡೆನು. ಅದರೊಳಗೆ ಹಾಕಿಸಿದ ತಂತ್ರಾಂಶದ ಹೆಸರು ಸ್ಟಾಕ್‌ಫಿಶ್. 2008ರಲ್ಲಿ ಹೊರಬಂದ ಇದನ್ನು ಯಾರು ಬೇಕಾದರೂ ಹಣ ಕೊಡದೆ ಪಡೆಯಬಹುದು. ಬಿಟ್ಟಿ ಬಂದ ಎದುರಾಳಿಯೆಂದು ಹಗುರಾಗಿ ಎಣಿಸುವಂತಿಲ್ಲ. ವಿಶ್ವವಿಜೇತರೂ ಇದರ ಮುಂದೆ ನಿಲ್ಲಲಾರರು.

ಬಿಳಿಯ ಕಾಯಿಗಳವನಿಗೆ ಮೊದಲ ನಡೆಗೆ 20 ದಾರಿಗಳಿವೆ. ಕರಿಯವನಿಗೂ ಅಷ್ಟೇ; ಅಲ್ಲಿಗೆ 400 ಆದವು. ಇಬ್ಬರೂ ಎರಡೆರಡು ನಡೆ ಮುಗಿಸುವಷ್ಟರಲ್ಲಿ ಆಟವು ಸಾಗಬಹುದಾದ ದಾರಿಗಳು 1,97,281! ಈ ಅಡವಿಯಲ್ಲಿ ಯಂತ್ರವು ಪ್ರತಿಯೊಂದು ದಾರಿಯನ್ನೂ ತುಳಿಯುವುದಿಲ್ಲ. ಒಂದು ನಡೆಗೆ ಎದುರಾಳಿಯಲ್ಲಿ ತಕ್ಕ ಉತ್ತರವಿದೆಯೆಂದು ಕಂಡೊಡನೆ ಆ ಕವಲನ್ನು ಅಲ್ಲಿಯೇ ಬಿಟ್ಟು ಮತ್ತೊಂದಕ್ಕೆ ಹೊರಳುತ್ತದೆ. ಬಳಿಕ ತಾನು ಕಂಡ ಸ್ಥಿತಿಗಳಿಗೆ ಬೆಲೆ ಕಟ್ಟುತ್ತದೆ. ಕಾಲಾಳಿಗೆ 1, ಕುದುರೆ ಒಂಟೆಗಳಿಗೆ 3, ಆನೆಗೆ 5, ಮಂತ್ರಿಗೆ 9 ಎಂದು ನಾವು ಕಲಿತ ಲೆಕ್ಕವು ತೀರ ಸ್ಥೂಲವಾದುದು. 2020ರಿಂದೀಚೆಗೆ ಸ್ಟಾಕ್‌ಫಿಶ್, ಅಸಂಖ್ಯ ಸ್ಥಿತಿಗಳ ಅಭ್ಯಾಸದಿಂದ ಪಳಗಿದ ಒಂದು ಗಣಿತಜಾಲದ ನೆರವಿನಿಂದ ತೂಗಿ ನೋಡುತ್ತದೆ. 1997ರಲ್ಲಿ ಆರು ಆಟಗಳ ಪಂದ್ಯದಲ್ಲಿ ಗ್ಯಾರಿ ಕ್ಯಾಸ್ಪರೋವರನ್ನು ಸೋಲಿಸಿದ ಡೀಪ್ ಬ್ಲೂ ಎಂಬ ಯಂತ್ರವು ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಎಣಿಸುತ್ತಿತ್ತು. ನನ್ನ ಮೇಜಿನ ಮೇಲಿನ ಪೆಟ್ಟಿಗೆಗೆ ಆ ವೇಗವಿಲ್ಲ. ಆದರೂ ಅದಕ್ಕಿಂತ ಚೆನ್ನಾಗಿ ಆಡುತ್ತದೆ. ಎಣಿಕೆ ಕಡಿಮೆಯಾಗಿ ವಿವೇಚನೆ ಹೆಚ್ಚಿತೆನ್ನೋಣವೇ?

ಆದರೆ ಈ ವಿವೇಚನೆಗೆ ಬಾಯಿಲ್ಲ. ಯಾರು ಎಷ್ಟು ಮುಂದಿದ್ದಾರೆಂಬ ಅಂಕಿಯನ್ನೂ ಮುಂದಿನ ಉತ್ತಮ ನಡೆಯನ್ನೂ ಪರದೆಯ ಬದಿಗೆ ತೋರಿಸುತ್ತದೆ. ಕಾರಣವನ್ನು ಮಾತ್ರ ಹೇಳುವುದಿಲ್ಲ. ಬೇಸಗೆಯ ರಜೆಗೆ ಬಂದ ನನ್ನ ಮೊಮ್ಮಗಳು ಆ ಅಂಕಿಯನ್ನು ನೋಡಿ ನೋಡಿಯೇ ಕಾಯಿ ನಡೆಸತೊಡಗಿದಳು. ಕುದುರೆಯನ್ನೇಕೆ ಅಲ್ಲಿಟ್ಟೆಯೆಂದು ಕೇಳಿದೆನು.

“ಅದ ಹೇಳೇತಿ, ಅಜ್ಜಾ.”

ಮೂವತ್ತು ವರ್ಷ ತರಗತಿಯಲ್ಲಿ ನಿಂತವನಿಗೆ ಈ ಉತ್ತರ ಹೊಸದಲ್ಲ. ಗಣಿತದ ಪುಸ್ತಕದ ಕೊನೆಯ ಪುಟ ತಿರುವಿ ಉತ್ತರ ಬರೆದುಕೊಳ್ಳುವ ಹುಡುಗರನ್ನು ಕಂಡವನು ನಾನು. ಒಂದು ಹಳೆಯ ಅಂಚೆಕಾರ್ಡು ತಂದು ಪರದೆಯ ಆ ಬದಿಗೆ ಅಂಟಿಸಿಬಿಟ್ಟೆನು. ಎರಡು ದಿನ ನನ್ನೊಡನೆ ಮಾತಿಲ್ಲ. ಮೂರನೆಯ ದಿನ ಒಂದು ನಡೆಗಾಗಿ ಎಷ್ಟು ಹೊತ್ತು ಕುಳಿತಳೆಂದರೆ, ಅವಳ ಅಜ್ಜಿ ತಂದಿಟ್ಟ ಚಹಾ ತಣ್ಣಗಾಗಿ ಕೆನೆಗಟ್ಟಿತು.

“ಒಂಟಿಗೆ ಹಾದಿ ಆಗಲಿ ಅಂತ ಈ ಕಾಲಾಳು ಸರಿಸೀನಿ,” ಎಂದಳು.

ಕಾರ್ಡನ್ನೆತ್ತಿ ನೋಡಿದರೆ ಯಂತ್ರಕ್ಕೆ ಆ ನಡೆ ಒಪ್ಪಿಗೆಯಾಗಿರಲಿಲ್ಲ; ಅವಳ ಅಂಕಿ ಅರ್ಧ ಕಾಲಾಳಿನಷ್ಟು ಇಳಿದಿತ್ತು. ಏಕೆ? ಈ ಸಲ ಪ್ರಶ್ನೆ ಅವಳದೇ. ನನಗೂ ಹೊಳೆಯಲಿಲ್ಲ. ಕಟ್ಟಿಗೆಯ ಹಲಗೆಯನ್ನು ತೆಗೆದು ಅದೇ ಸ್ಥಿತಿಯನ್ನು ಜೋಡಿಸಿ, ಅವಳು ಬಿಳಿ, ನಾನು ಕರಿ ಹಿಡಿದು ಹುಡುಕತೊಡಗಿದೆವು. ಅಷ್ಟರಲ್ಲಿ ಕರೆಂಟು ಹೋಗಿ ಗಣಕ ಆರಿತು. ಅವಳು ತಲೆಯೆತ್ತಲಿಲ್ಲ. ಕಂದೀಲು ತರಲು ನಾನೆದ್ದರೆ ಕೈಹಿಡಿದು ಕೂಡ್ರಿಸಿದಳು.

“ಕಂದೀಲು ಅಜ್ಜಿ ತರ್ತಾಳ. ನಿನ್ನ ಪಾಳಿ ಐತಿ, ಆಡು.”