ತಗ್ಗು ದನಿಗೆ ತಕ್ಕ ಜಾಗ

ಸಂಗೀತವೆಂದರೆ ಎದೆ ನಡುಗಿಸುವ ಸದ್ದು ಎಂಬ ಭಾವನೆ ಈಗ ಬೇರೂರಿಬಿಟ್ಟಿದೆ. ಕಾರಿನಲ್ಲಿ, ಮದುವೆ ಹಾಲಿನಲ್ಲಿ, ಕೊನೆಗೆ ಮನೆಯ ಪಡಸಾಲೆಯಲ್ಲೂ ಅದೇ ಧಡಧಡ. ಸಬ್‌ವೂಫರ್ ಎಂಬ ಪೆಟ್ಟಿಗೆಗೆ ಕೆಟ್ಟ ಹೆಸರು ಬಂದಿರುವುದು ಇದರಿಂದಲೇ. ಆದರೆ ಅದರ ಕೆಲಸ ಅಬ್ಬರವಲ್ಲ. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ಸದ್ದು ಕೇಳಿಸುತ್ತದೆ. ಕಪಾಟಿನಲ್ಲಿಡುವ ಸಣ್ಣ ಸ್ಪೀಕರುಗಳು ಈ ಏಣಿಯ ಕೆಳಗಿನ ಮೆಟ್ಟಿಲುಗಳನ್ನು ತಲುಪಲಾರವು. ಆ ಕೆಲವು ಮೆಟ್ಟಿಲುಗಳನ್ನು ತುಂಬುವುದಷ್ಟೇ ಸಬ್‌ವೂಫರಿನ ಪಾಲು.

ನಾವು ಮೂವರು ಅಣ್ಣತಮ್ಮಂದಿರು ಹಣ ಸೇರಿಸಿ ಅಪ್ಪನಿಗೆಂದು ಒಂದು ಸೆಟ್ ತಂದೆವು. ಜೋಡಿಸಲು ಬಂದ ಅಂಗಡಿಯ ಹುಡುಗ ಪೆಟ್ಟಿಗೆಯನ್ನು ಮೂಲೆಗೆ ತಳ್ಳಿ, ಇದ್ದ ಗುಂಡಿಗಳನ್ನೆಲ್ಲ ಕೊನೆಯವರೆಗೆ ತಿರುಗಿಸಿ ಹೋದ. ಸದ್ದೇನೋ ಜೋರಾಗಿಯೇ ಬಂತು. ಆದರೆ ಹಳೆಯ ಹಾಡುಗಳೆಂದರೆ ಜೀವ ಬಿಡುವ ಅಪ್ಪ ಎರಡು ಹಾಡು ಮುಗಿಯುವುದರೊಳಗೆ ಎದ್ದು ಜಗಲಿಗೆ ಹೋಗತೊಡಗಿದರು. ಕೇಳಿದರೆ, ‘ಹಾಡೆಲ್ಲಿದೆ ಮಕ್ಕಳೇ, ಬರೀ ಗುಡುಗು’ ಎಂದರು. ಅವರಿಗೆ 78 ವರ್ಷ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನು. ಮಾತಿನ ಸ, ತ, ಫಗಳ ಸ್ಪಷ್ಟತೆ ಇರುವುದು ಅಲ್ಲಿಯೇ. ತಗ್ಗಿನ ಸದ್ದು ಮಿತಿಮೀರಿದರೆ ಅಳಿದುಳಿದದ್ದನ್ನೂ ಮುಚ್ಚಿಬಿಡುತ್ತದೆ. ಅಪ್ಪನಿಗಾಗಿ ತಂದ ವಸ್ತುವೇ ಅವರನ್ನು ಕೋಣೆಯಿಂದ ಹೊರಗೆ ಕಳಿಸುತ್ತಿತ್ತು.

ದೋಷ ಅರ್ಧದಷ್ಟು ಕೋಣೆಯದ್ದೇ. ಸೆಕೆಂಡಿಗೆ 47 ಕಂಪನಗಳ ಸದ್ದಿನ ಅಲೆಯ ಉದ್ದ ಸುಮಾರು 24 ಅಡಿ. ನಮ್ಮ ಪಡಸಾಲೆಯ ಉದ್ದ ಸರಿಯಾಗಿ ಅದರ ಅರ್ಧ, 12 ಅಡಿ. ಅಂಥ ಅಲೆ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡು ಗೋಡೆಯ ಬಳಿ ಗುಡುಗುತ್ತದೆ, ಕೋಣೆಯ ನಡುವೆ ಹೆಚ್ಚುಕಡಿಮೆ ಮಾಯವಾಗುತ್ತದೆ. ಅಪ್ಪನ ಕುರ್ಚಿ ಇದ್ದದ್ದು ಗೋಡೆಗೆ ಒತ್ತಿಕೊಂಡು. ಅದನ್ನು ಮೂರಡಿ ಮುಂದಕ್ಕೆ ತಂದೆವು. ಆಮೇಲೆ ಕುರ್ಚಿಯ ಮೇಲೆ ಸಬ್‌ವೂಫರನ್ನೇ ಕೂರಿಸಿ, ತಬಲಾ ವಾದನವೊಂದನ್ನು ಹಾಕಿ, ನಾವು ಮೂವರೂ ನೆಲದಲ್ಲಿ ಅಂಬೆಗಾಲಿಟ್ಟೆವು. ಮನೆಯ ಮಕ್ಕಳು ಬಿದ್ದು ಬಿದ್ದು ನಕ್ಕರು. ಡಗ್ಗಾದ ನಾದ ಎಲ್ಲಿ ಉಬ್ಬದೆ, ಕುಗ್ಗದೆ, ಒಂದೇ ಸಮನೆ ಕೇಳಿಸುತ್ತದೋ ಅದೇ ಪೆಟ್ಟಿಗೆಯ ಜಾಗ. ನಮ್ಮಲ್ಲಿ ಅದು ಎಡ ಸ್ಪೀಕರಿಗೂ ಕಿಟಕಿಗೂ ನಡುವೆ ಸಿಕ್ಕಿತು.

ಇನ್ನುಳಿದದ್ದು ಗುಂಡಿಗಳು. ಕ್ರಾಸೋವರನ್ನು 80ಕ್ಕೆ ಇಳಿಸಿದೆವು. ಅದಕ್ಕಿಂತ ತಗ್ಗಿನ ಸದ್ದು ಯಾವ ಕಡೆಯಿಂದ ಬರುತ್ತಿದೆಯೆಂದು ಕಿವಿ ಸುಲಭವಾಗಿ ಗುರುತಿಸಲಾರದು. ಅದಕ್ಕಿಂತ ಬಹಳ ಮೇಲಿಟ್ಟರೆ ಗಂಡಸರ ದನಿಯೂ ಪೆಟ್ಟಿಗೆಯೊಳಗಿಂದ ಬಂದಂತಾಗುತ್ತದೆ. ಫೇಸ್ ಎಂಬ ಸ್ವಿಚ್ಚಿಗೆ 0 ಮತ್ತು 180 ಎಂಬ ಎರಡು ನೆಲೆಗಳು. ಸ್ಪೀಕರು ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಸಬ್‌ವೂಫರು ಹಿಂದಕ್ಕೆಳೆದರೆ ಎರಡರ ಶ್ರಮವೂ ವ್ಯರ್ಥ. ಒಬ್ಬರು ಕುರ್ಚಿಯಲ್ಲಿ ಕೂತು, ಇನ್ನೊಬ್ಬರು ಸ್ವಿಚ್ಚು ಬದಲಿಸಿ, ತುಂಬಿ ಕೇಳಿಸಿದ ನೆಲೆಯನ್ನು ಉಳಿಸಿಕೊಂಡೆವು. ಕೊನೆಗೆ ಸದ್ದಿನ ಮಟ್ಟವನ್ನು, ಪೆಟ್ಟಿಗೆ ಇದೆಯೆಂಬುದೇ ಮರೆತುಹೋಗುವಷ್ಟು, ಆದರೆ ಆರಿಸಿದರೆ ಏನೋ ಕಳೆದುಕೊಂಡಂತೆ ಅನಿಸುವಷ್ಟು ತಗ್ಗಿಸಿದೆವು.

ಗೋಡೆಯಾಚೆಗಿನವರ ಲೆಕ್ಕವೂ ಇದೆ. ಇಟ್ಟಿಗೆ ಗೋಡೆ ಮಾತನ್ನು ಸಾಕಷ್ಟು ತಡೆಯುತ್ತದೆ, ತಗ್ಗು ಸದ್ದನ್ನು ಅಷ್ಟಾಗಿ ತಡೆಯದು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬಲ್ ಮಿತಿ ಹಾಕಿವೆ. ಪಕ್ಕದ ಮನೆಯಲ್ಲಿ ಎಳೆ ಮಗುವಿದೆ. ನಾವು ಒಂಬತ್ತಕ್ಕೇ ಸಬ್‌ವೂಫರ್ ಆರಿಸುತ್ತೇವೆ.

ಅಪ್ಪ ಈಗ ಪೂರ್ತಿ ಹಾಡು ಕೇಳುತ್ತಾರೆ. ನಡುವೆ ನಾವು ಮಾತನಾಡಿದರೆ ಸುಮ್ಮನಿರಿ ಎಂದು ಕೈಸನ್ನೆ ಮಾಡುತ್ತಾರೆ.